ವಿಮರ್ಶೆ ಹುಡುಕಿಕೊಂಡು ನಾಲ್ಕೂರು ತಿರುಗಿದ್ದು

ನಾನು ಸಾಲಿ ಬಿಟ್ಟು ಎಷ್ಟೋ ವರ್ಷವಾಯಿತು, ಆದರೆ ಸಾಲಿ ನನ್ನ ಬೆನ್ನು ಬಿಟ್ಟಿಲ್ಲ. ಕಲಿತವರ ಸಹವಾಸ ಬೇಡ ಎಂದು ದೂರ ಸರಿದಷ್ಟೂ ಏನಾದರೊಂದು ನೆಪದಲ್ಲಿ ಯಾರಾದರೊಬ್ಬ ಪ್ರೊಫೆಸರರ ಮುಂದೆ ಹೋಗಿ ನಿಲ್ಲುವ ಪ್ರಸಂಗ ಬಂದೇ ಬರುತ್ತದೆ. ನನ್ನ ಹಣೆಯಲ್ಲಿ ಹಾಗೆ ಬರೆದಿದೆ. ಬರೆದವನೂ ಡಾಕ್ಟರೇಟ್ ಮಾಡಿದವನೇ ಇರಬೇಕು, ಇಲ್ಲದಿದ್ದರೆ ಇಷ್ಟು ತಪ್ಪು ಬರೆಯುತ್ತಿರಲಿಲ್ಲ.

ನನ್ನ ಕಾಲು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಮೀಸೆ ಮೂಡುವ ಮೊದಲೇ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರ್ ಹತ್ತಿದೆ. ಆಮೇಲೆ ಕುರಿ ವ್ಯಾಪಾರ, ಆಮೇಲೆ ಬಾಡಗಂಡಿಯಲ್ಲಿ ಖಾನಾವಳಿ, ಈಗ ಬನಹಟ್ಟಿಯ ಸೀರೆಗಳನ್ನು ಗಂಟು ಕಟ್ಟಿ ಬೈಕಿನ ಮೇಲೆ ಹೇರಿಕೊಂಡು ಊರೂರಿನ ಅಂಗಡಿಗೆ ಮುಟ್ಟಿಸುವ ಕೆಲಸ. ಹೀಗೆ ಅಡ್ಡಾಡುವವನು ಎಂಬ ಒಂದೇ ಅರ್ಹತೆಯ ಮೇಲೆ ಅಕ್ಕ ತನ್ನ ಮಗಳನ್ನು ತಂದು ನನ್ನ ಮುಂದೆ ನಿಲ್ಲಿಸಿದಳು.

"ಇಕಿಗೆ ಏನೋ ವಿಮರ್ಶೆ ಬೇಕಂತ. ನೀ ಊರೂರು ತಿರಗಾಂವ. ಎಲ್ಲಿ ಸಿಗತೈತಿ ನೋಡಿ ಕೊಡಸು."

ಅಕ್ಕ ಅದನ್ನು ಹುಣಸೆಹಣ್ಣಿನ ಹಾಗೆ ಸಂತೆಯಲ್ಲಿ ಸಿಗುವ ಮಾಲು ಎಂದು ತಿಳಿದಿದ್ದಳು. ನಾನೂ ಹಾಗೇ ತಿಳಿದೆ. ಆಮೇಲೆ ನೋಡಿದರೆ ಹುಣಸೆಹಣ್ಣಿನ ವ್ಯಾಪಾರದಲ್ಲಿ ಇದಕ್ಕಿಂತ ಹೆಚ್ಚು ಮರ್ಯಾದೆ ಇದೆ.

ನಿನ್ನ ತಲಿ ಆಕರ ಅಲ್ಲ

ಹುಡುಗಿ ಜಮಖಂಡಿಯ ಒಂದು ಕಾಲೇಜಿನಲ್ಲಿ ಕನ್ನಡ ಎಂ.ಎ. ಕಡೆಯ ವರ್ಷ. ರಬಕವಿ ಕಡೆಯ ನೇಕಾರರ ಓಣಿಯ ಮೇಲೆ ನಮ್ಮ ಭಾಗದವರೇ ಒಬ್ಬರು ಬರೆದ ಕಾದಂಬರಿ ಹಿಡಿದುಕೊಂಡು ಕಿರುಪ್ರಬಂಧ ಬರೆಯುತ್ತಿದ್ದಳು. ಆ ಕಾದಂಬರಿಯನ್ನು ಹಾಳೆ ಸಡಿಲಾಗುವಂತೆ ಓದಿದ್ದಳು. ಆದರೆ ಗೈಡ್ ಸಾಹೇಬರು, ಅದರ ಮೇಲೆ ವಿಮರ್ಶಕರು ಬರೆದದ್ದನ್ನು ಹುಡುಕಿ ತಂದು ಸೇರಿಸುವತನಕ ಸಹಿ ಹಾಕುವುದಿಲ್ಲ ಎಂದಿದ್ದರು. ಸಹಿ ಇಲ್ಲವೆಂದರೆ ಪರೀಕ್ಷೆ ಇಲ್ಲ. ವರ್ಷ ಹೋದಂತೆ. ವರ್ಷ ಹೋದರೆ ಅವರಪ್ಪ "ಸಾಕು ಕಲ್ತಿದ್ದು, ಮನ್ಯಾಗ ಕುಂಡರು" ಎನ್ನಲು ತುದಿಗಾಲ ಮೇಲೆ ನಿಂತಿದ್ದ.

ನಾನು ಗೈಡನ್ನೇ ಕೇಳೋಣ ಎಂದು ಹೋದೆ.

"ನೋಡ್ರಿ," ಎಂದರು ಅವರು, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ಕಾದಂಬರಿ ಓದೂದು ದೊಡ್ಡ ಮಾತಲ್ಲ. ಯಾರ್ ಬೇಕಾದವರು ಓದ್ತಾರ. ಅದರ ಬಗ್ಗೆ ಬ್ಯಾರೇದವರು ಏನಂದಾರ ಅನ್ನೂದು ಸಂಶೋಧನಾ."

"ಇಕಿ ಓದ್ಯಾಳಲ್ರಿ. ಇಕಿ ಏನಂತಾಳೋ ಅದು ನಡಿಯಂಗಿಲ್ಲೇನ್ರಿ?"

"ಇಕಿ ಅಂದ್ರ ಅದು ಅನಿಸಿಕೆ. ಅದ ಅಚ್ಚಾದ್ರ ವಿಮರ್ಶೆ. ಅಂದವರು ಸತ್ತಿದ್ರ ಪ್ರಮಾಣ."

"ಮತ್ತ ನೀವು ಅಂದ್ರರಿ?"

"ನಾ ಗೈಡ್ ಅದೀನಿ," ಎಂದರು ಗಂಭೀರವಾಗಿ. "ನಾ ಏನೂ ಅನ್ನಂಗಿಲ್ಲ."

ಓದಬ್ಯಾಡ, ಓದೂ ಹಂಗ ಮಾಡು

ಮೊದಲು ಆಕೆಯ ಕಾಲೇಜಿನದೇ ಲೈಬ್ರರಿ ಹೊಕ್ಕೆವು. ಗಾಜಿನ ಕಪಾಟುಗಳಲ್ಲಿ ವಿಮರ್ಶೆಯ ಪುಸ್ತಕಗಳು ಮಡಿಕೆ ಬಿಚ್ಚದ ಹೊಸ ಸೀರೆಗಳ ಹಾಗೆ ಮಿರಮಿರ ಹೊಳೆಯುತ್ತಿದ್ದವು. ಕಪಾಟಿಗೆಲ್ಲ ಕೀಲಿ.

"ಸರ್, ಆ ನೀಲಿ ರಟ್ಟಿನ ಪುಸ್ತಕ ಬೇಕಾಗಿತ್ರಿ," ಎಂದಳು ಹುಡುಗಿ.

"ಯಾಕ?"

"ಓದಾಕ್ರಿ."

ಗ್ರಂಥಪಾಲಕರು ಈಕೆ ಪುಸ್ತಕವನ್ನು ಒಲೆಗೆ ಹಾಕಲು ಕೇಳಿದಳೇನೋ ಎಂಬಂತೆ ನೋಡಿದರು. "ಕಾಲೇಜು ನೋಡಾಕ ಕಮಿಟಿ ಬರಾಕತ್ತೈತಿ. ಪುಸ್ತಕ ಹೊಸಾವ ಕಾಣಬೇಕು. ನಿಮ್ಮ ಕೈಯಾಗ ಕೊಟ್ರ ಮಡಚ್ತೀರಿ, ಬೆವರು ಹಚ್ಚತೀರಿ."

"ಕಮಿಟಿ ಹೋದ ಮ್ಯಾಲ ಕೊಡ್ತೀರೇನ್ರಿ?"

"ಕೊಟ್ರ ಮುಂದಿನ ಕಮಿಟಿಗೆ ಏನು ತೋರಸೂದು?"

ನನ್ನ ಧಂದೆಯಲ್ಲಿ ಗೊಂಬೆಗೆ ಉಡಿಸಿದ ಸೀರೆಯನ್ನೂ ಗಿರಾಕಿ ಕೇಳಿದರೆ ಬಿಚ್ಚಿ ಕೊಡುತ್ತಾರೆ. ಇಲ್ಲಿ ಗೊಂಬೆಯ ಮೈ ಮುಟ್ಟುವಂತಿಲ್ಲ.

ನಾವು ಮುಖ ಇಳಿಬಿಟ್ಟುಕೊಂಡು ಹೊರಡುವಷ್ಟರಲ್ಲಿ ಫೋಟೋದವನು ಬಂದ. ಕಮಿಟಿಗೆ ತೋರಿಸಲು 'ವಿದ್ಯಾರ್ಥಿಗಳು ಗ್ರಂಥಾಲಯದ ಸದುಪಯೋಗ ಪಡೆಯುತ್ತಿರುವ ದೃಶ್ಯ' ಬೇಕಾಗಿತ್ತು. ಸದುಪಯೋಗ ಪಡೆಯಲು ಜನ ಕಡಿಮೆ ಬಿದ್ದಿದ್ದರು. ಕ್ಯಾಂಟೀನಿನಿಂದ ಹುಡುಗರನ್ನು ಹಿಡಿದು ತಂದರು. ಕಪಾಟು ತೆರೆದು ಮೇಜಿನ ಮೇಲೆ ಪುಸ್ತಕ ಹರವಿದರು. ನಮ್ಮ ಹುಡುಗಿ ಯಾರೂ ಕರೆಯದೆಯೇ ಹೋಗಿ ಮೊದಲ ಕುರ್ಚಿ ಹಿಡಿದು ನೀಲಿ ರಟ್ಟಿನದನ್ನು ಎಳೆದುಕೊಂಡಳು.

"ಏ ತಂಗೀ, ತಲಿ ಮ್ಯಾಲೆತ್ತು," ಎಂದ ಫೋಟೋದವನು.

"ಓದಾಕತ್ತೀನ್ರಿ."

"ಓದಬ್ಯಾಡವಾ, ಓದೂ ಹಂಗ ಮಾಡು. ಖರೇನ ಓದಿದ್ರ ಮಾರಿ ಕಾಣಂಗಿಲ್ಲ."

ನಾನು ಪಕ್ಕದಲ್ಲಿ ನಿಂತು, "ಬೆಳಕು ಬರೋಬ್ಬರಿ ಇಲ್ರಿ, ಇನ್ನೊಂದು ಹೊಡೀರಿ. ಆ ಮೂಲ್ಯಾಗಿನ ಹುಡುಗ ಕಣ್ಣು ಮುಚ್ಯಾನ, ಇನ್ನೊಂದು ಹೊಡೀರಿ," ಎಂದು ಫೋಟೋದವನನ್ನು ಹಿಡಿದಿಟ್ಟೆ. ಒಂದೊಂದು ಫೋಟೋಕ್ಕೆ ಒಂದೊಂದು ಪುಟದಂತೆ ಈಕೆ ಮುಂದೆ ಸಾಗಿದಳು. ಕಾದಂಬರಿಯ ವಿಷಯ ಬರುವ ಜಾಗ ಸಿಕ್ಕಿತು. ಅಲ್ಲಿ ಇದ್ದದ್ದು ಇಷ್ಟೇ: 'ಈ ಕೃತಿಯ ಬಗ್ಗೆ ಲೇಖಕರ ಅಭಿನಂದನ ಗ್ರಂಥದಲ್ಲಿ ವಿವರವಾದ ಚರ್ಚೆಯಿದೆ, ನೋಡಿ.' ಅಷ್ಟರಲ್ಲಿ ಗ್ರಂಥಪಾಲಕರು ಕಿರುಚಿದರು:

"ಏ, ಹಿಡೀರಿ, ಇಕಿ ಪುಟಾ ತಿರುವಾಕತ್ತಾಳ!"

ಆ ಫೋಟೋ ಈಗಲೂ ಲೈಬ್ರರಿಯ ಬಾಗಿಲಲ್ಲಿ ದೊಡ್ಡದಾಗಿ ತೂಗುತ್ತಿದೆ. ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಿದ್ದಾರೆ. ಓದುತ್ತಿದ್ದವಳು ಒಬ್ಬಳೇ. ಅವಳಿಂದ ದೃಶ್ಯ ಕೆಡುತ್ತದೆಂದು ಅವಳನ್ನು ಕತ್ತರಿಸಿ ಹಾಕಿದ್ದಾರೆ.

ಎಷ್ಟು ಬೇಕು, ಒಯ್ಯಿರಿ

ಅಭಿನಂದನ ಗ್ರಂಥ ಮುಧೋಳದ ಒಂದು ಕಾಲೇಜಿನಲ್ಲಿದೆ ಎಂದು ತಿಳಿಯಿತು. ಅಲ್ಲಿನ ಗ್ರಂಥಪಾಲಕರು ಎದ್ದು ನಿಂತು ಬರಮಾಡಿಕೊಂಡರು. ಕುರ್ಚಿ ಹಾಕಿಸಿದರು. ನನಗೆ ಆಗಲೇ ಸಂಶಯ ಬಂತು. ಲೈಬ್ರರಿಯಲ್ಲಿ ಕುರ್ಚಿ ಹಾಕುತ್ತಾರೆಂದರೆ ಏನೋ ಗಂಟು ಬೀಳುವುದಿದೆ.

"ಅಭಿನಂದನ ಗ್ರಂಥ ಏನ್ರಿ? ಎಷ್ಟು ಬೇಕು?"

"ಒಂದ ಸಾಕ್ರಿ," ಎಂದಳು ಹುಡುಗಿ.

"ಒಂದ ಯಾಕವಾ, ನಿಮ್ಮ ಗೆಳತ್ಯಾರಿಗೂ ಒಯ್ಯಿ. ಮಾಮಾರಿಗೂ ಒಂದ ಇರಲಿ."

ಒಳಗಿನ ಕೋಣೆ ತೋರಿಸಿದರು. ಒಂದು ಗೋಡೆಯ ತುಂಬ ಅದೇ. ಗ್ರಂಥದ ಸಂಪಾದಕರು ಕಾಲೇಜಿನ ಆಡಳಿತ ಮಂಡಳಿಯವರ ಬೀಗರಂತೆ. ಬೀಗತನದ ಭಾರವೆಲ್ಲ ಆ ಕೋಣೆಯಲ್ಲಿ ಬಂದು ಬಿದ್ದಿತ್ತು. ಒಂದನ್ನು ಬೈಕಿನ ಹಿಂದೆ ಸೀರೆ ಗಂಟಿನ ಮೇಲೆ ಕಟ್ಟಿದರೆ ಮುಂದಿನ ಗಾಲಿ ನೆಲ ಬಿಡಲು ನೋಡುತ್ತಿತ್ತು.

ಚಹಾದಂಗಡಿಯ ಬಾಕಿನ ಮೇಲೆ ಅದನ್ನು ಇಳಿಸಿ ತೆರೆದೆವು. ಅರ್ಧ ಗ್ರಂಥ ಫೋಟೋ. ಲೇಖಕರು ಮಂತ್ರಿಗಳ ಜೊತೆ, ಲೇಖಕರು ಸ್ವಾಮಿಗಳ ಜೊತೆ, ಲೇಖಕರು ಮೊಮ್ಮಕ್ಕಳ ಜೊತೆ. ಮಿಕ್ಕ ಅರ್ಧದಲ್ಲಿ ಲೇಖನ. ಒಬ್ಬರು ಲೇಖಕರ ಧೋತರ ಎಷ್ಟು ಬೆಳ್ಳಗಿರುತ್ತಿತ್ತು ಎಂದು ಬರೆದಿದ್ದರು. ಇನ್ನೊಬ್ಬರು ತಮ್ಮ ಮನೆಗೆ ಬಂದಾಗ ಲೇಖಕರು ಎಣ್ಣೆಗಾಯಿ ಪಲ್ಯವನ್ನು ಎಷ್ಟು ಮೆಚ್ಚಿದರು ಎಂದು ಬರೆದಿದ್ದರು. ಮತ್ತೊಬ್ಬರು ತಮ್ಮದೇ ಬಾಲ್ಯ, ತಮ್ಮದೇ ನೌಕರಿ, ತಮ್ಮದೇ ಬಡ್ತಿಯ ಕಥೆ ಹೇಳಿ, ಕಡೆಯ ಸಾಲಿನಲ್ಲಿ ಲೇಖಕರನ್ನು ಕರೆತಂದು ಅವರಿಂದ ಆಶೀರ್ವಾದ ಮಾಡಿಸಿಕೊಂಡಿದ್ದರು. ಶಾಲು ಹೊದಿಸುವುದಕ್ಕೆ ಈ ಜನ ವಿಮರ್ಶೆ ಎನ್ನುತ್ತಾರೆಂದು ನನಗೆ ಅವತ್ತು ಗೊತ್ತಾಯಿತು.

ಕಾದಂಬರಿಯ ಮೇಲೆ ಇದ್ದದ್ದು ಒಂದೇ ಲೇಖನ. ಗಲಗಲಿಯ ಒಬ್ಬ ನಿವೃತ್ತ ಪ್ರಾಧ್ಯಾಪಕರದು. ಅದರಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: 'ಕೃಷ್ಣೆಯೇ ಈ ಕಾದಂಬರಿಯ ನಿಜವಾದ ನಾಯಕಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಆಕೆ ಹರಿಯುತ್ತಲೇ ಇರುತ್ತಾಳೆ.'

ಹುಡುಗಿ ಚಹಾದ ಕಪ್ಪು ಕೆಳಗಿಟ್ಟಳು. "ಮಾಮಾ, ಈ ಕಾದಂಬರ್ಯಾಗ ಹೊಳೀನ ಇಲ್ಲ."

"ಎಲ್ಲೆರ ಸಣ್ಣದ ಒಂದ ಹಳ್ಳ?"

"ಇಲ್ಲೋ ಮಾಮಾ. ಎಲ್ಲಾ ಓಣ್ಯಾಗ, ಮಗ್ಗದ ಮನ್ಯಾಗ ನಡೀತೈತಿ. ಹೊಳಿ ಹೆಸರ ಎತ್ತಿಲ್ಲ."

ನಾಯಕಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗೈರುಹಾಜರಿ, ಆದರೂ ಹೆಸರು ಹಾಜರಿಯಲ್ಲಿದೆ. ಆಕೆಗೂ ಯಾವುದೋ ಕಾಲೇಜಿನಲ್ಲೇ ನೌಕರಿ ಇರಬೇಕು.

ಪೂರ ಇರೂದಕ್ಕ ರೇಟು ಬ್ಯಾರೆ

ಇದೇ ಕಾದಂಬರಿಯ ಮೇಲೆ ಹಿಂದೆ ಬರೆದ ಪ್ರಬಂಧಗಳು ಬನಹಟ್ಟಿಯ ಒಂದು ಕಾಲೇಜಿನಲ್ಲಿವೆ ಎಂದರು. ಹೋದೆವು. ಎಲ್ಲಕ್ಕೂ ಒಂದೇ ಕೆಂಪು ರಟ್ಟು, ಒಂದೇ ಬಂಗಾರದ ಅಕ್ಷರ. ಮದುವೆ ಮನೆಯ ಸಾಲಿನಲ್ಲಿ ಒಂದೇ ಥಾನಿನ ಬಟ್ಟೆಯ ಅಂಗಿ ತೊಟ್ಟು ಕುಳಿತ ಅಣ್ಣತಮ್ಮಂದಿರ ಹಾಗೆ.

ಎಲ್ಲದರಲ್ಲೂ ಹೊಳೆ ಹರಿಯುತ್ತಿತ್ತು. ಒಬ್ಬರು ಗಲಗಲಿಯವರ ಮಾತನ್ನು ಎತ್ತಿಕೊಂಡಿದ್ದರು. ಎರಡನೆಯವರು ಆ ಒಬ್ಬರ ಮಾತನ್ನು ಎತ್ತಿಕೊಂಡು ಹೊಳೆಯಲ್ಲಿ ದೋಣಿ ಬಿಟ್ಟಿದ್ದರು. ಮೂರನೆಯವರು ಮಹಾಪೂರವನ್ನೇ ತಂದು ನೇಕಾರರ ಓಣಿ ಮುಳುಗಿಸಿ, ಆ ಪೂರ ಅಂದರೆ ಹೆಣ್ಣಿನ ಒಡಲ ಸಿಟ್ಟು ಎಂದು ಕಣ್ಣೀರು ತರಿಸಿದ್ದರು. ಒಮ್ಮೆ ಗಾಣಕ್ಕೆ ಕೊಟ್ಟ ಕಬ್ಬಿನ ಸಿಪ್ಪೆಯನ್ನೇ ಮತ್ತೆ ಮತ್ತೆ ಗಾಣಕ್ಕೆ ಕೊಡುವವರನ್ನು ನಾನು ನೋಡಿದ್ದೇನೆ. ಇವರು ಕಬ್ಬೇ ಇಲ್ಲದೆ ಗಾಣ ತಿರುಗಿಸಿ ಬೆಲ್ಲ ತೆಗೆದಿದ್ದರು.

ಎಲ್ಲಕ್ಕಿಂತ ದಪ್ಪನೆಯದನ್ನು ಎಳೆದರೆ ಅದರ ಮೇಲೆ ನಮ್ಮ ಗೈಡ್ ಸಾಹೇಬರ ಹೆಸರು. ಅವರು ಡಾಕ್ಟರ್ ಆದದ್ದೇ ಈ ಕಾದಂಬರಿಯಲ್ಲಿ ಹೊಳೆಯ ಅರ್ಥ ಹೇಳಿ. ಹುಡುಗಿಯ ಮುಖ ಸಪ್ಪಗಾಯಿತು.

"ಹೊಳಿ ಇಲ್ಲಂತ ಬರದ್ರ ಸಹಿ ಇಲ್ಲ ಮಾಮಾ. ಐತಂತ ಬರದ್ರ ನಾ ಓದಿದ್ದ ಸುಳ್ಳು."

ಎದುರಿನ ಝೆರಾಕ್ಸ್ ಅಂಗಡಿಗೆ ಪ್ರಬಂಧ ಒಯ್ದು, ಬೇಕಾದ ಪುಟಗಳ ಪ್ರತಿ ಕೇಳಿದೆ. ಅಂಗಡಿಯವನು ರಟ್ಟು ನೋಡಿಯೇ ಗುರುತು ಹಿಡಿದ.

"ನಾಕ ಪುಟಾ ತಗೊಂಡು ಏನ್ ಮಾಡ್ತೀರಿ? ಇಡೀ ಪ್ರಬಂಧ ನಮ್ಮ ಕಂಪ್ಯೂಟರಿನ್ಯಾಗ ಐತಿ. ಅಕ್ಕಾರ ಹೆಸರು ಹೇಳ್ರಿ, ಮೊದಲನೇ ಹಾಳಿ ಬದಲಿಸಿ ಸಂಜಿಗೆ ಬೈಂಡ್ ಮಾಡಿ ಕೊಡ್ತೀನಿ."

"ಹೊಳಿ ಇಲ್ಲದ್ದು ಐತೇನ್ರಿ?" ಎಂದಳು ಹುಡುಗಿ.

ಅವನು ಗಾಬರಿಯಾದ. "ಹೊಳಿ ಇಲ್ಲದ್ದು ಹೆಂಗ ಪಾಸ್ ಆಗತೈತಿರಿ? ಯಾರೋ ಒಬ್ಬಾಂವ ಹೊಳಿ ಬಿಟ್ಟು ಬರದಿದ್ದ, ವಾಪಸ್ ಬಂತು. ಆಮ್ಯಾಲ ನಾನ ಹೊಳಿ ಸೇರಿಸಿ ಕೊಟ್ಟೆ." ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದ: "ಬರೇ ಹರಿಯೂದು ಬೇಕಾದ್ರ ಮಾಮೂಲಿ ರೇಟರಿ. ಪೂರ ಬರೂದು ಬೇಕಂದ್ರ ಸ್ವಲ್ಪ ಜಾಸ್ತಿ ಆಗತೈತಿ."

ಓದಿದ್ರ ಕೆಡತೈತಿ

ಹೊಳೆ ಎಲ್ಲಿ ಹುಟ್ಟಿತೋ ಅಲ್ಲಿಗೇ ಹೋಗಿಬಿಡೋಣ ಎಂದು ಬೀಳಗಿ ಕಡೆ ಬೈಕು ತಿರುಗಿಸಿದೆ. ಗಲಗಲಿಯ ಆ ಪ್ರಾಧ್ಯಾಪಕರು ಮನೆಯ ಪಡಸಾಲೆಯಲ್ಲಿ ತೂಗುಮಂಚದ ಮೇಲೆ ಕುಳಿತಿದ್ದರು. ಎದುರಿಗೆ ಕೃಷ್ಣೆ. ತಮ್ಮ ಲೇಖನ ಓದಿಕೊಂಡು ಒಬ್ಬ ಹುಡುಗಿ ಅಷ್ಟು ದೂರದಿಂದ ಬಂದಿದ್ದಾಳೆಂದು ಕೇಳಿ ಅವರಿಗೆ ಸ್ವರ್ಗ ಮೂರೇ ಗೇಣು. ಒಳಗಿನಿಂದ ಚುರಮುರಿ ತರಿಸಿದರು.

ಹುಡುಗಿ ನೇರವಾಗಿ ಕೇಳಿದಳು: "ಸರ್, ಕಾದಂಬರ್ಯಾಗ ಹೊಳಿ ಎಲ್ಲಿ ಬರತೈತ್ರಿ? ನನಗ ಸಿಗವಲ್ದು."

ಅವರು ತೂಗುಮಂಚ ನಿಲ್ಲಿಸಿದರು. "ಖರೆ ಹೇಳ್ಲೇನವಾ? ಅದು ಪುಸ್ತಕ ಬಿಡುಗಡೆಯೊಳಗ ಮಾಡಿದ ಭಾಷಣ. ಬಿಡುಗಡೆ ಅಂದ್ರ ಹೆಂಗ? ಪುಸ್ತಕಾನ ಬಣ್ಣದ ಹಾಳ್ಯಾಗ ಸುತ್ತಿ, ರಿಬ್ಬನ್ ಕಟ್ಟಿ, ವೇದಿಕಿ ಮ್ಯಾಲೆ ಅತಿಥಿಗಳ ಕೈಯಾಗ ಕೊಡ್ತಾರ. ಅದಕ್ಕಿಂತ ಮೊದಲ ಬಿಚ್ಚಬಾರದು. ಪದ್ಧತಿ."

"ಮತ್ತ ಭಾಷಣಾ ಹೆಂಗ ಬರದ್ರಿ?"

"ಹಿಂದಿನ ದಿನ ಇಲ್ಲೇ ಕುಂತು ಬರದೆ. ಎದುರಿಗೆ ಹೊಳಿ ಕಾಣಾಕತ್ತಿತ್ತು. ನಮ್ಮ ಭಾಗದ ಕಾದಂಬರಿ, ಹೊಳಿ ಇಲ್ಲದ ಹೆಂಗ ಇದ್ದೀತು ಅಂತ ಬರದಬಿಟ್ಟೆ."

"ಲೇಖಕರು ಏನೂ ಅನ್ನಲಿಲ್ಲೇನ್ರಿ?" ಎಂದೆ ನಾನು.

"ಅಂದ್ರಲ್ಲ. ನನ್ನ ಎರಡೂ ಕೈ ಹಿಡಕೊಂಡು, 'ನನ್ನ ಕೃತಿಯೊಳಗ ಇಷ್ಟು ಆಳಕ್ಕ ಯಾರೂ ಇಳಿದಿದ್ದಿಲ್ಲ' ಅಂತ ಅತ್ತಬಿಟ್ರು."

"ಆಮ್ಯಾಲರ ಓದಿದ್ರೇನ್ರಿ?"

"ಓದಬೇಕಂತ ಕೈಯಾಗ ಹಿಡದೆ. ಆದ್ರ ನನ್ನ ಲೇಖನ ಭಾಳ ಛಲೋ ಬಂದಿತ್ತು. ಓದಿದ್ರ ಕೆಡತೈತಿ ಅಂತ ಬಿಟ್ಟೆ."

ಅವರ ಮುಖದಲ್ಲಿ ನಾಚಿಕೆ ಹುಡುಕಿದೆ. ಕಾದಂಬರಿಯಲ್ಲಿ ಹೊಳೆ ಹುಡುಕಿದಂತಾಯಿತು.

ಹೊರಟು ನಿಂತಾಗ ಬಾಗಿಲತನಕ ಬಂದು ಹುಡುಗಿಗೆ ಹೇಳಿದರು: "ನಿನ್ನ ಪ್ರಬಂಧ ಅಚ್ಚ ಹಾಕಸು. ಮುನ್ನುಡಿ ನಾ ಬರದ ಕೊಡ್ತೀನಿ."

"ಒಂದು ಪ್ರತಿ ತಂದು ಕೊಡ್ತೀನ್ರಿ ಸರ್."

"ಪ್ರತಿ ಯಾಕವಾ? ಹೆಸರು ಏನಿಟ್ಟಿ ಅಂತ ಫೋನಿನ್ಯಾಗ ಹೇಳು, ಸಾಕು."

ಕಡೀ ಪುಟ

ಹುಡುಗಿ ಕಡೆಗೂ ತಾನು ಓದಿದ್ದನ್ನೇ ಬರೆದಳು. ಯಾರು ಯಾರು ಎಲ್ಲೆಲ್ಲಿ ಹೊಳೆ ಹರಿಸಿದ್ದಾರೆಂದು ಪುಟಸಂಖ್ಯೆ ಸಮೇತ ಕೊಟ್ಟು, ಅದು ಕಾದಂಬರಿಯಲ್ಲಿ ಇಲ್ಲ ಎಂದಳು. "ಮಾರಿ ಮ್ಯಾಲ ಒಗೀತಾರಲೇ ಹುಚ್ಚಿ," ಎಂದೆ. "ಒಗೀಲಿ," ಎಂದಳು.

ಆದರೆ ಗೈಡ್ ಸಾಹೇಬರು ಪ್ರಬಂಧವನ್ನು ಹಿಂದಿನಿಂದ ನೋಡುವವರು. ಕಡೆಯ ಹಾಳೆ ತೆರೆದರು. ಆಕರ ಗ್ರಂಥಗಳ ಪಟ್ಟಿ ಉದ್ದವಿತ್ತು, ಅದರಲ್ಲಿ ತಮ್ಮ ಹೆಸರೂ ಇತ್ತು. "ಈಗ ನೋಡು, ಇದು ಸಂಶೋಧನಾ," ಎಂದು ಸಹಿ ಜಡಿದರು.

ಮೌಖಿಕ ಪರೀಕ್ಷೆಯ ದಿನ ಬೇರೆ ಊರಿನಿಂದ ಒಬ್ಬ ಪರೀಕ್ಷಕಿ ಬಂದರು. ಪುಣ್ಯಾತ್ಗಿತ್ತಿ ಪ್ರಬಂಧ ಓದಿಕೊಂಡು ಬಂದಿದ್ದರು. ಯಾರು ಬೇಕಾದರೂ ಕುಳಿತು ಕೇಳಬಹುದು ಎಂದಿದ್ದರಿಂದ ನಾನು ಹಿಂದಿನ ಬಾಕಿನಲ್ಲಿ ಸೀರೆ ಗಂಟಿನ ಜೊತೆ ಕುಳಿತೆ. ಮುಂದೆ ವಿಭಾಗದ ಮೇಷ್ಟ್ರುಗಳೆಲ್ಲ ಚಹಾದ ದಾರಿ ಕಾಯುತ್ತ ಕುಳಿತಿದ್ದರು.

ಪರೀಕ್ಷಕಿ ಗಟ್ಟಿಯಾಗಿ ಓದಿದರು: "'ಈ ಕಾದಂಬರಿಯಲ್ಲಿ ಹೊಳೆ ಇಲ್ಲ. ಹೊಳೆಯ ಬಗ್ಗೆ ಬರೆದವರು ಕಾದಂಬರಿಯನ್ನು ಓದಿದಂತೆ ಕಾಣುವುದಿಲ್ಲ.' ಸರ್, ನಿಮ್ಮ ಮಹಾಪ್ರಬಂಧ ಇದರ ಹೊಳೆಯ ಮೇಲೇ ಅಲ್ಲವೇ?"

ಗೈಡ್ ಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಇದನ್ನ ನಾ ನೋಡಿಲ್ರಿ ಮೇಡಂ."

"ಸಹಿ ನಿಮ್ಮದೇ ಇದೆ."

"ಸಹಿ ನಂದ ಐತ್ರಿ, ನೋಡಿದ್ದು ನಾ ಅಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿ ಗುಡುಗಿದರು. "ಇಕಿಗೆ ಸಾಹಿತ್ಯ ತಿಳಿದಿಲ್ಲ. ಇಕಿನ್ನ ಫೇಲ್ ಮಾಡ್ರಿ ಮೇಡಂ. ಮುಂದಿನ ವರ್ಷ ಬರೋಬ್ಬರಿ ಬರದುಕೊಂಡು ಬರಲಿ."

ಹುಡುಗಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ನನಗೆ ಎದ್ದು ಹೋಗಿ ಗೈಡಿನ ತಲೆಯ ಮೇಲೆ ಅಭಿನಂದನ ಗ್ರಂಥ ಇಳಿಸಬೇಕೆನ್ನಿಸಿತು. ಅದು ಮನೆಯಲ್ಲಿತ್ತು.

"ಫೇಲ್ ಮಾಡೋಣ," ಎಂದರು ಪರೀಕ್ಷಕಿ ತಣ್ಣಗೆ. "ಹೊಳೆ ತೋರಿಸಿ, ಮಾಡೋಣ."

ಹುಡುಗಿ ತನ್ನ ಸಡಿಲ ಹಾಳೆಯ ಕಾದಂಬರಿಯನ್ನು ಗೈಡಿನ ಕೈಗೆ ಕೊಟ್ಟಳು. ಅವರು ಮೊದಲು ಗತ್ತಿನಿಂದ ತಿರುವಿದರು. ಆಮೇಲೆ ಬೆರಳಿಗೆ ಎಂಜಲು ಹಚ್ಚಿ ಬೇಗ ಬೇಗ ತಿರುವಿದರು. ಚಹಾ ಬಂತು, ಆರಿತು. ಕುರಿ ಕಳೆದುಕೊಂಡವನು ಗಿಡಗಂಟಿಯಲ್ಲೆಲ್ಲ ಇಣುಕುವಂತೆ ಅವರು ಸಾಲು ಸಾಲಿನಲ್ಲಿ ಇಣುಕಿದರು. ಕಡೆಗೆ ಕುರ್ಚಿಯಿಂದ ಜಿಗಿದೆದ್ದರು.

"ಸಿಕ್ತು! ಕೇಳ್ರಿ! 'ಅವಳು ಕೊಡ ಹಿಡಿದು ಓಣಿಯ ನಳದ ಮುಂದೆ ನಿಂತಳು.' ನಳ! ನಳದಾಗ ಏನ್ ಬರತೈತಿ? ನೀರು. ಆ ನೀರು ಎಲ್ಲಿಂದ ಬರತೈತಿ? ಕೃಷ್ಣಾದಿಂದ! ಇಲ್ಲಿ ಹೊಳಿ ನೆಲದೊಳಗ, ಪೈಪಿನ್ಯಾಗ, ಗುಪ್ತವಾಗಿ ಹರಿಯಾಕತ್ತೈತಿ ಮೇಡಂ!"

ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ಒಬ್ಬರಂತೂ "ಗುಪ್ತಗಾಮಿನಿ" ಎಂದು ಬರೆದುಕೊಂಡೇ ಬಿಟ್ಟರು.

ಪರೀಕ್ಷಕಿ ಹುಡುಗಿಯ ಕಡೆ ನೋಡಿದರು. "ಏನಮ್ಮ, ಇದಕ್ಕೇನು ಹೇಳ್ತೀಯ?"

"ಮೇಡಂ," ಎಂದಳು ಹುಡುಗಿ, "ಕಾದಂಬರಿ ಮುಗಿಯೂತನಕ ಆ ನಳಕ್ಕ ನೀರ ಬರಂಗಿಲ್ರಿ. ಕತಿನ ಅದು."

ಪರೀಕ್ಷಕಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ ಅಂಕ ಬರೆದು ಮುಗಿಸಿದರು. ಪಾಸು, ಅದೂ ಒಳ್ಳೆಯ ಅಂಕದಲ್ಲಿ. ಸಹಿ ಮಾಡಿ ಮೇಲಕ್ಕೆದ್ದು, ಹುಡುಗಿಗೆ ವಾಪಸ್ಸು ಕೊಡಲೆಂದು ಕಾದಂಬರಿಗೆ ಕೈ ಚಾಚಿದರು. ಗೈಡ್ ಸಾಹೇಬರು ಅದನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಸ್ವಲ್ಪ ತಡೀರಿ ಮೇಡಂ, ಅವಸರ ಮಾಡಬ್ಯಾಡ್ರಿ," ಎಂದರು, ಮತ್ತೆ ಬೆರಳಿಗೆ ಎಂಜಲು ಹಚ್ಚುತ್ತ. "ಕಡೀ ಪುಟದಾಗ ಮಳಿ ಬಂದಿರಬಹುದು."